ಸಗಣಿಯ ಜಮಾ-ಖರ್ಚು: ನೆದರ್‌ಲ್ಯಾಂಡ್ಸ್ ನಲವತ್ತು ವರ್ಷ ಬರೆದ ಲೆಕ್ಕ

ನೆದರ್‌ಲ್ಯಾಂಡ್ಸ್‌ನ ಒಂದು ಹೆಕ್ಟೇರ್ ಮರಳುಮಣ್ಣಿನ ಹೊಲ. ಬಿದ್ದ ಮಳೆಯಲ್ಲಿ ಆವಿಯಾಗಿದ್ದು, ಬೆಳೆ ಕುಡಿದಿದ್ದು ಕಳೆದು ವರ್ಷಕ್ಕೆ ಸುಮಾರು 300 ಮಿ.ಮೀ. ನೀರು ನೆಲದಾಳಕ್ಕೆ ಇಳಿಯಿತು ಎಂದಿಟ್ಟುಕೊಳ್ಳೋಣ. ಅಂದರೆ 30 ಲಕ್ಷ ಲೀಟರ್. ಕುಡಿಯುವ ನೀರಲ್ಲಿ ಲೀಟರಿಗೆ 50 ಮಿಲಿಗ್ರಾಂಗಿಂತ ಹೆಚ್ಚು ನೈಟ್ರೇಟ್ ಇರಕೂಡದು ಎಂಬುದು ಯುರೋಪಿನ ನಿಯಮ. ಆ 50ರಲ್ಲಿ ಸಾರಜನಕದ ಪಾಲು 11.3 ಮಿಲಿಗ್ರಾಂ. ಗುಣಿಸಿ ನೋಡಿದರೆ 34 ಕಿಲೋ ಬರುತ್ತದೆ. ಒಂದು ಹೆಕ್ಟೇರ್‌ನಿಂದ ವರ್ಷಕ್ಕೆ ಅಷ್ಟು ಸಾರಜನಕ ಕೆಳಗೆ ಇಳಿದರೆ ಸಾಕು, ಅದರಡಿಯ ನೀರು ಮಿತಿ ಮುಟ್ಟಿತು. ಅದೇ ಹೊಲಕ್ಕೆ ರೈತ ಸಗಣಿ ನೀರು, ರಾಸಾಯನಿಕ ಗೊಬ್ಬರ ಎಲ್ಲ ಸೇರಿಸಿ ಹಾಕುತ್ತಿದ್ದ ಸಾರಜನಕ ನೂರಾರು ಕಿಲೋ. ಅದರಲ್ಲಿ ಸೋರಲು ಸಿಗುವ ಅವಕಾಶ ಈ 34 ಮಾತ್ರ.

ಗೊಬ್ಬರಕ್ಕೆ ಕಾನೂನು ಮಾಡಲು ಹೊರಟ ಯಾವ ಸರ್ಕಾರಕ್ಕೂ ಕಷ್ಟ ಶುರುವಾಗುವುದು ಇಲ್ಲಿಂದಲೇ. ಕಾರ್ಖಾನೆಯ ಕೊಳವೆಯ ಬಾಯಿಗೆ ಮೀಟರ್ ಕೂರಿಸಬಹುದು. ಹೊಲಕ್ಕೆ ಅಂಥ ಬಾಯಿ ಇಲ್ಲ, ಇಡೀ ಹೊಲವೇ ಸೋರುತ್ತದೆ. ಹಾಗಾದರೆ ಕಾನೂನು ಅಳೆಯಬೇಕಾದದ್ದು ಏನನ್ನು? ರೈತ ನೆಲಕ್ಕೆ ಹಾಕಿದ್ದನ್ನೋ, ನೆಲದಿಂದ ಸೋರಿದ್ದನ್ನೋ, ಕೊಟ್ಟಿಗೆಯಲ್ಲಿರುವ ದನಗಳ ತಲೆಯನ್ನೋ? ನೆದರ್‌ಲ್ಯಾಂಡ್ಸ್ 1984ರಿಂದ ಈಚೆಗೆ ಮೂರನ್ನೂ ಅಳೆದು ನೋಡಿದೆ. ಒಂದರಲ್ಲಿ ಗೆದ್ದು, ಯುರೋಪಿನ ನ್ಯಾಯಾಲಯದಲ್ಲಿ ಸೋತು, ಇನ್ನೊಂದರಲ್ಲಿ ಮೋಸಹೋಗಿ, ಈಗಲೂ ಜಗಳದ ಮಧ್ಯೆಯೇ ಇದೆ. ಪ್ರಕರಣವಾಗಿ ಓದಲು ಇದಕ್ಕಿಂತ ತುಂಬಿದ ಕಡತ ಸಿಗುವುದು ಕಷ್ಟ.

ಹೊಲಕ್ಕಿಂತ ದೊಡ್ಡ ಕೊಟ್ಟಿಗೆ

ನಾರ್ತ್ ಬ್ರಬಾಂಟ್, ಲಿಂಬರ್ಗ್, ಗೆಲ್ಡರ್‌ಲ್ಯಾಂಡ್, ಓವರೈಸೆಲ್ ಪ್ರಾಂತ್ಯಗಳ ಮರಳು ನೆಲ ಮೊದಲಿನಿಂದಲೂ ಬಡ ನೆಲ. ಸಣ್ಣ ಹಿಡುವಳಿ, ದೊಡ್ಡ ಕುಟುಂಬ. ಎರಡನೇ ಮಹಾಯುದ್ಧದ ನಂತರ ಈ ರೈತರಿಗೆ ಬದುಕಿನ ದಾರಿಯಾಗಿದ್ದು ಹಂದಿ ಮತ್ತು ಕೋಳಿ, ಏಕೆಂದರೆ ಅವಕ್ಕೆ ಹುಲ್ಲುಗಾವಲು ಬೇಡ, ಕೊಟ್ಟಿಗೆ ಇದ್ದರಾಯಿತು. ಮೇವು ರಾಟರ್‌ಡ್ಯಾಮ್ ಬಂದರಿನಲ್ಲಿ ಇಳಿಯುತ್ತಿತ್ತು. ಯುರೋಪಿನೊಳಗೆ ಬೆಳೆದ ಧಾನ್ಯಕ್ಕೆ ಕೃಷಿ ನೀತಿಯಿಂದಾಗಿ ದುಬಾರಿ ಬೆಲೆ. ಹೊರಗಿನ ಸೋಯಾಗೆ ಸುಂಕವೇ ಇಲ್ಲ, ಥಾಯ್ಲೆಂಡಿನಿಂದ ಬರುವ ಒಣ ಮರಗೆಣಸಿಗೆ ಅಲ್ಪ ಸುಂಕ. ಬಂದರಿಗೆ ಹತ್ತಿರವಿದ್ದವನಿಗೆ ಲಾಭ. 1950ರಲ್ಲಿ ಸುಮಾರು 20 ಲಕ್ಷ ಇದ್ದ ಹಂದಿಗಳು 1987ರ ಹೊತ್ತಿಗೆ 1.4 ಕೋಟಿ ದಾಟಿದವು. ಜನಸಂಖ್ಯೆಯೂ ಆಗ ಹೆಚ್ಚುಕಡಿಮೆ ಅಷ್ಟೇ ಇತ್ತು.

ಈ ವ್ಯಾಪಾರದ ಇನ್ನೊಂದು ಮುಖವನ್ನು ಅಂದು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ದಕ್ಷಿಣ ಅಮೆರಿಕದ ಸೋಯಾ ಹೊಲದ ಸಾರಜನಕ, ರಂಜಕ ಹಡಗು ಹತ್ತಿ ಬಂದು ಬ್ರಬಾಂಟಿನ ಹಂದಿಯ ಹೊಟ್ಟೆ ಸೇರುತ್ತಿತ್ತು. ಮಾಂಸವಾಗಿ ಹೊರಗೆ ಹೋಗುತ್ತಿದ್ದದ್ದು ಅದರಲ್ಲಿ ಸಣ್ಣ ಪಾಲು. ಉಳಿದದ್ದೆಲ್ಲ ಸಗಣಿ-ಗಂಜಲವಾಗಿ ಅಲ್ಲಿಯೇ ಉಳಿಯುತ್ತಿತ್ತು. ಹಡಗು ಸೋಯಾ ಬೆಳೆದ ಊರಿಗೆ ಗೊಬ್ಬರ ಹೊತ್ತು ವಾಪಸು ಹೋಗುವುದಿಲ್ಲವಲ್ಲ.

ನಮ್ಮ ತಿಪ್ಪೆಗುಂಡಿಯ ಕಳಿತ ಗೊಬ್ಬರವನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಓದಬಾರದು. ಅಲ್ಲಿಯದು ಜಾಲರಿ ನೆಲದ ಕೊಟ್ಟಿಗೆ. ಸಗಣಿ, ಗಂಜಲ, ತೊಳೆದ ನೀರು ಒಟ್ಟಾಗಿ ಕೆಳಗಿನ ಹೊಂಡಕ್ಕೆ ಬೀಳುತ್ತವೆ. ತೆಳ್ಳಗಿನ ಈ ಬಗ್ಗಡವನ್ನು ಟ್ಯಾಂಕರಿಗೆ ತುಂಬಿ ಹೊಲಕ್ಕೆ ಬಿಡುತ್ತಾರೆ. ಸ್ಲರಿ ಎಂದೇ ಕರೆಯೋಣ. ಕಳಿತ ಗೊಬ್ಬರದಲ್ಲಿ ಸಾರಜನಕದ ಹೆಚ್ಚಿನ ಪಾಲು ಗಟ್ಟಿ ವಸ್ತುವಿನೊಳಗೆ ಸಿಕ್ಕಿಕೊಂಡಿರುತ್ತದೆ. ಸ್ಲರಿಯಲ್ಲಿ ಅರ್ಧಕ್ಕೂ ಮಿಕ್ಕು ಅಮೋನಿಯಂ ರೂಪದಲ್ಲಿ ಸಿದ್ಧವಾಗಿಯೇ ಇರುತ್ತದೆ. ಮಣ್ಣಿನ ಬ್ಯಾಕ್ಟೀರಿಯಾ ಅದನ್ನು ಕೆಲವೇ ವಾರಗಳಲ್ಲಿ ನೈಟ್ರೇಟ್ ಮಾಡುತ್ತವೆ. ನೈಟ್ರೇಟಿಗೆ ಋಣ ವಿದ್ಯುದಂಶ, ಜೇಡಿಕಣಕ್ಕೂ ಋಣ. ಹಾಗಾಗಿ ಮಣ್ಣು ಅದನ್ನು ಹಿಡಿದಿಟ್ಟುಕೊಳ್ಳದು. ಬೇರು ಹೀರದೆ ಬಿಟ್ಟಿದ್ದು ಮುಂದಿನ ಮಳೆಯ ಜೊತೆ ಕೆಳಗಿಳಿಯುತ್ತದೆ.

ಹೊಂಡ ಖಾಲಿ ಮಾಡಲು ಜಾಗ ಬೇಕಿತ್ತು. ಮೆಕ್ಕೆಜೋಳ ಒದಗಿಬಂತು. ಹುಲ್ಲಿಗೆ ಸ್ಲರಿ ಅತಿಯಾದರೆ ಹುಲ್ಲೂ ಕೆಡುತ್ತದೆ, ಮೇಯುವ ಹಸುವಿಗೂ ತೊಂದರೆ. ಗೋಧಿಗೆ ಅತಿಯಾದರೆ ಪೈರು ಮಲಗಿಬಿಡುತ್ತದೆ. ಮೆಕ್ಕೆಜೋಳಕ್ಕೆ ಇಂಥ ಗೋಳಿಲ್ಲ. ಹೆಕ್ಟೇರಿಗೆ ನೂರು ಘನ ಮೀಟರ್‌ಗೂ ಮಿಕ್ಕಿ ಸ್ಲರಿ ಸುರಿದರೂ ಅದು ಹಸಿರಾಗಿ ಎದ್ದು ನಿಲ್ಲುತ್ತದೆ. ಹಾಗಾಗಿ ಮರಳು ನೆಲದಲ್ಲಿ ಮೇವಿನ ಜೋಳದ ಹೊಲ ಹಬ್ಬಿತು. ಹೆಸರಿಗೆ ಮೇವಿನ ಬೆಳೆ, ನಿಜದಲ್ಲಿ ಕೊಟ್ಟಿಗೆಯ ಚರಂಡಿ. ಅಕ್ಟೋಬರ್‌ಗೆ ಕೊಯ್ಲು ಮುಗಿದ ಮೇಲೆ ಹೊಲ ಚಳಿಗಾಲವಿಡೀ ಬರಿದು. ಮಳೆ ಹೆಚ್ಚು ಕೆಳಗಿಳಿಯುವ ಕಾಲವೂ ಅದೇ.

ತಡವಾಗಿ ಎದ್ದ ಸರ್ಕಾರ

1984ರ ನವೆಂಬರ್‌ನಲ್ಲಿ ಕೃಷಿ ಸಚಿವ ಗೆರಿಟ್ ಬ್ರಾಕ್ಸ್ ಹಂದಿ-ಕೋಳಿ ಫಾರ್ಮ್‌ಗಳ ವಿಸ್ತರಣೆಗೆ ಕಡಿವಾಣ ಹಾಕುವ ಮಧ್ಯಂತರ ಕಾಯ್ದೆ ತಂದರು. ಬ್ರಾಕ್ಸ್ ಸ್ವತಃ ಬ್ರಬಾಂಟಿನ ರೈತ ಕುಟುಂಬದವರು, ರೈತರ ಬೆಂಬಲದ ಪಕ್ಷದವರು. ಕಾಯ್ದೆ ಬಂತು, ಅದರ ಜೊತೆ ಸಂದುಗಳೂ ಬಂದವು. ಮೊದಲೇ ಅನುಮತಿ ಪಡೆದವರು, ಇರುವ ಕೊಟ್ಟಿಗೆಯನ್ನೇ ಒಂದಿಷ್ಟು ಹಿಗ್ಗಿಸುವವರು ಮುಂದುವರಿದರು. ಕಾಯ್ದೆಯ ನಂತರವೂ ಮೂರು ವರ್ಷ ಹಂದಿಗಳ ಸಂಖ್ಯೆ ಏರುತ್ತಲೇ ಹೋಯಿತು.

1987ರಲ್ಲಿ ಮೊದಲ ಬಾರಿಗೆ ಹೊಲಕ್ಕೆ ಎಷ್ಟು ಗೊಬ್ಬರ ಹಾಕಬಹುದು ಎಂಬ ಮಿತಿ ಬಂತು. ಅಳತೆಗೋಲು ಫಾಸ್ಫೇಟ್, ಅಂದರೆ ಗೊಬ್ಬರದಲ್ಲಿನ ರಂಜಕವನ್ನು ಅಳೆಯುವ ರೂಪ: ಹೆಕ್ಟೇರಿಗೆ ಹುಲ್ಲುಗಾವಲಲ್ಲಿ 250 ಕಿಲೋ, ಇತರ ಬೆಳೆಗೆ 125, ಮೆಕ್ಕೆಜೋಳಕ್ಕೆ 350. ಈ ಕೊನೆಯ ಅಂಕಿಯನ್ನು ಸ್ವಲ್ಪ ನಿಂತು ನೋಡಬೇಕು. ಮೆಕ್ಕೆಜೋಳ ಹೀರುವ ಫಾಸ್ಫೇಟ್ ಇದರ ಕಾಲು ಭಾಗಕ್ಕೂ ಕಡಿಮೆ. ಅಂದರೆ ಆ ಮಿತಿಯನ್ನು ಬೆಳೆಯ ಹಸಿವು ನೋಡಿ ಇಟ್ಟದ್ದಲ್ಲ, ತುಂಬಿದ ಹೊಂಡ ನೋಡಿ ಇಟ್ಟದ್ದು. ಹಂದಿ ಸ್ಲರಿಯಲ್ಲಿ ಫಾಸ್ಫೇಟಿಗಿಂತ ಸಾರಜನಕವೇ ಹೆಚ್ಚು. ಹಾಗಾಗಿ ಕಾನೂನು ಪಾಲಿಸುತ್ತಲೇ ಅಂತರ್ಜಲ ಕೆಡಿಸಲು ಸಾಧ್ಯವಿತ್ತು. ಮಿತಿಯನ್ನು ಹಂತ ಹಂತವಾಗಿ ಬಿಗಿ ಮಾಡುವ ಯೋಜನೆ ಇದ್ದದ್ದು ನಿಜ, ಬಿಗಿಯೂ ಆಯಿತು. ಆದರೆ ಮೊದಲ ಹತ್ತು ವರ್ಷ ಹೋದದ್ದು ಹೀಗೆ.

ಇದೇ ಹೊತ್ತಿಗೆ ಇನ್ನೊಂದು ನಿಯಮ: ಸ್ಲರಿಯನ್ನು ಗಾಳಿಗೆ ಚಿಮ್ಮಿಸುವಂತಿಲ್ಲ, ಮಣ್ಣು ಸೀಳಿ ಒಳಗೆ ಬಿಡಬೇಕು. ಉದ್ದೇಶ ಅಮೋನಿಯಾ ಗಾಳಿಗೆ ಸೇರದಂತೆ ತಡೆಯುವುದು. ಒಳ್ಳೆಯ ನಿಯಮ. ಆದರೆ ಗಾಳಿಗೆ ಹೋಗುತ್ತಿದ್ದ ಸಾರಜನಕ ಈಗ ಮಣ್ಣಿಗೆ ಬರುತ್ತದಲ್ಲ, ಅಷ್ಟರಮಟ್ಟಿಗೆ ಚೀಲದ ಗೊಬ್ಬರ ಕಡಿಮೆ ಮಾಡದಿದ್ದರೆ ಅದು ನೀರಿಗೆ. ಒಂದು ಇಲಾಖೆ ಬಾಗಿಲು ಮುಚ್ಚಿದರೆ ಇನ್ನೊಂದು ಇಲಾಖೆಯ ಕಿಟಕಿ ತೆರೆಯುತ್ತದೆ.

ಯುರೋಪಿಯನ್ ಸಮುದಾಯದ (ಇಂದಿನ ಯುರೋಪಿಯನ್ ಒಕ್ಕೂಟದ) ನೈಟ್ರೇಟ್ ನಿರ್ದೇಶನ, ಅಂದರೆ ಸದಸ್ಯ ದೇಶಗಳು ಪಾಲಿಸಲೇಬೇಕಾದ ಕಾನೂನು, ಹೊರಬಿದ್ದದ್ದು 1991ರ ಡಿಸೆಂಬರ್ 12ರಂದು. ಅದರ ತಿರುಳು ಇಷ್ಟು: ನೀರು 50 ಮಿಲಿಗ್ರಾಂ ಮೀರಿರುವ ಅಥವಾ ಮೀರಬಹುದಾದ ಪ್ರದೇಶ ಗುರುತಿಸಿ, ಅಲ್ಲಿ ಗೊಬ್ಬರ ಹಾಕಬಾರದ ತಿಂಗಳುಗಳನ್ನು ನಿಗದಿ ಮಾಡಿ, ಆ ತಿಂಗಳುಗಳಲ್ಲಿ ಸ್ಲರಿ ಕೂಡಿಡಲು ಹೊಂಡ ಇರಲಿ, ಪ್ರಾಣಿಗಳ ಗೊಬ್ಬರದಿಂದ ಹೆಕ್ಟೇರಿಗೆ ವರ್ಷಕ್ಕೆ 170 ಕಿಲೋ ಸಾರಜನಕ ದಾಟಬೇಡಿ. ಹಾಲು ಕರೆಯುವ ಒಂದು ಡಚ್ ಹಸು ವರ್ಷಕ್ಕೆ 100 ಕಿಲೋಗೂ ಹೆಚ್ಚು ಸಾರಜನಕ ಹೊರಹಾಕುತ್ತದೆ. ಎಂದರೆ ಹೆಕ್ಟೇರಿಗೆ ಎರಡು ಹಸು ಕಟ್ಟುವುದೂ ಕಷ್ಟ. ನೆದರ್‌ಲ್ಯಾಂಡ್ಸ್ ತನ್ನ ಇಡೀ ಭೂಪ್ರದೇಶಕ್ಕೆ ಈ ಕ್ರಮ ಅನ್ವಯಿಸುವುದಾಗಿ ಒಪ್ಪಿತು. 170ರ ಅಂಕಿಯ ಬದಲು ಮಾತ್ರ ತನ್ನದೇ ದಾರಿ ಹಿಡಿಯಿತು.

ಮಿನಾಸ್: ಗೇಟಿನ ಬಳಿಯ ಖಾತೆಪುಸ್ತಕ

1998ರಲ್ಲಿ ಜಾರಿಗೆ ಬಂದ ಖನಿಜ ಲೆಕ್ಕಪದ್ಧತಿಯ ಹೆಸರು ಮಿನಾಸ್. ಮೊದಲು ದನ ಹೆಚ್ಚಿರುವ ಫಾರ್ಮ್‌ಗಳಿಗೆ, 2001ರಿಂದ ಎಲ್ಲರಿಗೂ. ನನ್ನ ಮಟ್ಟಿಗೆ ಈ ಪ್ರಕರಣದ ಅತ್ಯಂತ ಸ್ವಾರಸ್ಯದ ಅಧ್ಯಾಯ ಇದು. ಹೊಲದಲ್ಲಿ ನೀನು ಏನು ಮಾಡುತ್ತೀಯೋ ನನಗೆ ಬೇಡ ಎನ್ನುತ್ತದೆ ಸರ್ಕಾರ. ನಿನ್ನ ಗೇಟಿನ ಒಳಗೆ ಬಂದ ಸಾರಜನಕ ಎಷ್ಟು, ಹೊರಗೆ ಹೋದದ್ದು ಎಷ್ಟು ಎಂದು ಬರೆದು ಕೊಡು. ವ್ಯತ್ಯಾಸ ಎಲ್ಲೋ ಸೋರಿದೆ ಎಂದರ್ಥ. ಇಷ್ಟು ಸೋರಿಕೆಗೆ ಮಾಫಿ, ಮೇಲಿನದಕ್ಕೆ ಕಿಲೋ ಲೆಕ್ಕದಲ್ಲಿ ತೆರಿಗೆ.

ಲೆಕ್ಕ ಹೇಗೆ ಓಡುತ್ತದೆ ಎಂದು ನೋಡಲು ಒಂದು ಕಾಲ್ಪನಿಕ ಫಾರ್ಮ್ ತೆಗೆದುಕೊಳ್ಳೋಣ. ಮರಳು ನೆಲವಲ್ಲದ ಕಡೆ 40 ಹೆಕ್ಟೇರ್ ಹುಲ್ಲುಗಾವಲು, ಹಾಲಿನ ಹಸುಗಳು. ಒಳಗೆ ಬಂದದ್ದು: ಚೀಲದ ಗೊಬ್ಬರದಲ್ಲಿ 8,000 ಕಿಲೋ ಸಾರಜನಕ, ಹಿಂಡಿ-ಪಶು ಆಹಾರದಲ್ಲಿ 4,000 ಕಿಲೋ. ಹೊರಗೆ ಹೋದದ್ದು: ಹಾಲು ಮತ್ತು ಮಾರಿದ ಕರುಗಳಲ್ಲಿ 3,000 ಕಿಲೋ. ಉಳಿಕೆ 9,000, ಹೆಕ್ಟೇರಿಗೆ 225. 2003ರಲ್ಲಿ ಹುಲ್ಲುಗಾವಲಿಗೆ ಮಾಫಿ ಇದ್ದದ್ದು 180 ಕಿಲೋ. ಮೇಲಿನ 45 ಕಿಲೋಗೆ ತಲಾ 2.30 ಯೂರೋದಂತೆ 40 ಹೆಕ್ಟೇರಿಗೆ 4,140 ಯೂರೋ ತೆರಿಗೆ. ಈಗ ರೈತನ ಕಡೆಯಿಂದ ನೋಡಿ. ಅವನು ಹೆಕ್ಟೇರಿಗೆ 45 ಕಿಲೋ ಚೀಲದ ಸಾರಜನಕ ಕಡಿಮೆ ಹಾಕಿದರೆ ತೆರಿಗೆ ಪೂರ್ತಿ ಮಾಯ, ಗೊಬ್ಬರದ ದುಡ್ಡೂ ಉಳಿಯಿತು. ಹುಲ್ಲು ಕಡಿಮೆಯಾಗುತ್ತದೆಯೇ? ಅಷ್ಟೇನಿಲ್ಲ, ಏಕೆಂದರೆ ಸ್ಲರಿಯಲ್ಲಿರುವ ಸಾರಜನಕವನ್ನು ಅವನು ಅದುವರೆಗೆ ಲೆಕ್ಕಕ್ಕೇ ಹಿಡಿದಿರಲಿಲ್ಲ. ಸ್ಲರಿ ಎಂದರೆ ತೊಲಗಿಸಬೇಕಾದ ಪೀಡೆ, ಗೊಬ್ಬರ ಎಂದರೆ ಅಂಗಡಿಯ ಚೀಲ ಎಂಬ ಅಭ್ಯಾಸ ಬೇರೂರಿತ್ತು. ಖಾತೆಪುಸ್ತಕ ಅದನ್ನು ಕಿತ್ತಿತು. ಹೈನು ರೈತರು ಕೊಂಡ ಗೊಬ್ಬರ ಇಳಿಸಿದರು, ಹಿಂಡಿಯ ಪ್ರೋಟೀನ್ ಇಳಿಸಿದರು, ನೆರೆಯವನ ಲೆಕ್ಕದ ಜೊತೆ ತಮ್ಮದನ್ನು ತಾಳೆ ನೋಡಿದರು. ಹೈನು ಫಾರ್ಮ್‌ಗಳ ಹೆಚ್ಚುವರಿ ಸಾರಜನಕ ಆ ವರ್ಷಗಳಲ್ಲಿ ಚೆನ್ನಾಗಿಯೇ ಇಳಿಯಿತು. ತೆರಿಗೆಯ ಭಯಕ್ಕಿಂತ ತನ್ನ ಹೊಲದಿಂದ ಎಷ್ಟು ದುಡ್ಡು ಸೋರುತ್ತಿದೆ ಎಂಬುದು ಕಣ್ಣಿಗೆ ಬಿದ್ದದ್ದೇ ಹೆಚ್ಚು ಕೆಲಸ ಮಾಡಿತು ಎಂಬುದು ನನ್ನ ಅನಿಸಿಕೆ.

ಹಂದಿ ಫಾರ್ಮಿನಲ್ಲಿ ಇದೇ ಪುಸ್ತಕ ಕೈಕೊಟ್ಟಿತು. ಹಂದಿ ಸಾಕುವವನಿಗೆ ಹೊಲವೇ ಇಲ್ಲವೆನ್ನುವಷ್ಟು ಕಡಿಮೆ, ಚೀಲದ ಗೊಬ್ಬರ ಕೊಳ್ಳುವುದಿಲ್ಲ, ಆದ್ದರಿಂದ ಇಳಿಸಲು ಏನೂ ಇಲ್ಲ. ಹಿಂಡಿ ಒಳಗೆ, ಹಂದಿ ಹೊರಗೆ, ಮಿಕ್ಕಿದ್ದು ಟ್ಯಾಂಕರಿನಲ್ಲಿ ಹೊರಗೆ ಹೋಗಲೇಬೇಕು. ಲೆಕ್ಕ ಕೂಡಿಬರುವುದು ಟ್ಯಾಂಕರಿನ ಸ್ಲರಿಯಲ್ಲಿ ಎಷ್ಟು ಸಾರಜನಕ, ಎಷ್ಟು ಫಾಸ್ಫೇಟ್ ಇದೆ ಎಂಬ ಮಾದರಿ ಪರೀಕ್ಷೆಯ ಮೇಲೆ. ಹೊಂಡದಲ್ಲಿ ನಿಂತ ಸ್ಲರಿಯ ತಳದಲ್ಲಿ ಗಷ್ಟು, ಮೇಲೆ ನೀರು. ಫಾಸ್ಫೇಟೆಲ್ಲ ತಳದಲ್ಲಿ. ಕಲಕಿ ತುಂಬಿದರೆ ಒಂದು ಅಂಕಿ, ಕಲಕದೆ ತುಂಬಿದರೆ ಇನ್ನೊಂದು. ಪ್ರಾಮಾಣಿಕನ ಪುಸ್ತಕವೇ ಕೂಡಿಬರುವುದಿಲ್ಲ. ಅವನು ಮಾಡದ ತಪ್ಪಿಗೆ ತೆರಿಗೆ ಬರುತ್ತದೆ, ಅವನು ಕೋರ್ಟಿಗೆ ಹೋಗುತ್ತಾನೆ. ಅಪ್ರಾಮಾಣಿಕನಿಗೆ ಇದೇ ಅವಕಾಶ. ಕಾಗದದಲ್ಲಿ ದಪ್ಪ ಸ್ಲರಿ ಊರಾಚೆ ಹೋಗಿರುತ್ತದೆ, ನಿಜದ ಸ್ಲರಿ ರಾತ್ರಿ ಪಕ್ಕದ ಹೊಲಕ್ಕೆ ಬಿದ್ದಿರುತ್ತದೆ.

ಈ ಮಧ್ಯೆ 1997ರಲ್ಲಿ ಬ್ರಬಾಂಟಿನಲ್ಲಿ ಹಂದಿ ಜ್ವರ ಕಾಣಿಸಿಕೊಂಡು ಸುಮಾರು 1 ಕೋಟಿ ಹಂದಿಗಳನ್ನು ಕೊಲ್ಲಬೇಕಾಯಿತು. ಅದೇ ನೆಪದಲ್ಲಿ ಹಂದಿ ಸಂಖ್ಯೆಯನ್ನೇ ಕಾಲು ಭಾಗ ಕಡಿತ ಮಾಡುವ ಕಾಯ್ದೆಗೆ ಸರ್ಕಾರ ಕೈಹಾಕಿತು. ರೈತರು ನ್ಯಾಯಾಲಯಕ್ಕೆ ಹೋದರು, ಕಡಿತ ಅಂದುಕೊಂಡಷ್ಟು ಆಗಲಿಲ್ಲ. ಆದರೆ ಹಂದಿ ಸಾಕುವ ಹಕ್ಕು ಎಂಬ, ಕೊಳ್ಳಬಹುದಾದ ಮಾರಬಹುದಾದ ಚೀಟಿ ಹುಟ್ಟಿಕೊಂಡಿತು.

ಲಕ್ಸೆಂಬರ್ಗ್‌ನ ತೀರ್ಪು

ಮಿನಾಸ್ ಬಗ್ಗೆ ಬ್ರಸೆಲ್ಸ್‌ನ ಯುರೋಪಿಯನ್ ಆಯೋಗಕ್ಕೆ ಸಮಾಧಾನವಿರಲಿಲ್ಲ. ಪ್ರಕರಣ ಲಕ್ಸೆಂಬರ್ಗ್‌ನಲ್ಲಿರುವ ಯುರೋಪಿಯನ್ ನ್ಯಾಯಾಲಯಕ್ಕೆ ಹೋಯಿತು, ಸಿ-322/00 ಅದರ ಸಂಖ್ಯೆ, ತೀರ್ಪು 2003ರ ಅಕ್ಟೋಬರ್ 2ರಂದು. ನೆದರ್‌ಲ್ಯಾಂಡ್ಸ್ ಸೋತಿತು. ನ್ಯಾಯಾಲಯದ ತರ್ಕ ಸರಳ: ನಿರ್ದೇಶನ ಕೇಳುವುದು ಹಾಕುವ ಗೊಬ್ಬರಕ್ಕೆ ಮಿತಿ. ಮಾಲಿನ್ಯವನ್ನು ಮೂಲದಲ್ಲೇ ತಡೆಯಬೇಕು. ನೀವು ಮಿತಿ ಹಾಕಿರುವುದು ಸೋರಿಕೆಗೆ, ಅದೂ ವರ್ಷ ಮುಗಿದ ಮೇಲೆ ಲೆಕ್ಕ ಹಾಕಿ, ತೆರಿಗೆ ಕಟ್ಟಿದರೆ ಮೀರಬಹುದು ಎಂಬಂತೆ. ಇದು ಅದಲ್ಲ.

ಡಚ್ ಕೃಷಿ ಅರ್ಥಶಾಸ್ತ್ರಜ್ಞರಿಗೆ ಈ ತೀರ್ಪು ಇಂದಿಗೂ ನುಂಗಲಾರದ ತುತ್ತು. ಸೋರಿಕೆಯನ್ನೇ ಗುರಿ ಮಾಡಿದ ಜಾಣ ವ್ಯವಸ್ಥೆಯನ್ನು ಕೈಬಿಟ್ಟು, ಹಾಕುವುದನ್ನು ಅಳೆಯುವ ಒರಟು ವ್ಯವಸ್ಥೆಗೆ ಮರಳಬೇಕಾಯಿತಲ್ಲ ಎಂದು. ಅವರ ಮಾತಿನಲ್ಲಿ ಹುರುಳಿದೆ, ಹಸುಗಳ ಮಟ್ಟಿಗೆ. ಹಂದಿಗಳನ್ನು ಸೇರಿಸಿಕೊಂಡರೆ ನ್ಯಾಯಾಲಯದ ಕಡೆಯೂ ಹುರುಳಿದೆ. ಮಾಫಿ ಅಂಕಿಗಳೂ ಅಂತರ್ಜಲಕ್ಕೆ ಹೊಂದುವಷ್ಟು ಬಿಗಿಯಾಗಿರಲಿಲ್ಲ. ಮೊದಲ ವರ್ಷ, 1998ರಲ್ಲಿ, ಹುಲ್ಲುಗಾವಲಿಗೆ ಹೆಕ್ಟೇರಿಗೆ 300 ಕಿಲೋ ಉಳಿಕೆಗೆ ಮಾಫಿ ಇತ್ತು. ಅದರಲ್ಲಿ ಬಹುಪಾಲು ಗಾಳಿಗೆ ಹೋಗುತ್ತದೆ, ಮಣ್ಣಿನಲ್ಲಿ ಉಳಿಯುತ್ತದೆ ಎಂದುಕೊಂಡರೂ 34ರ ಗುರಿಗೂ ಇದಕ್ಕೂ ಎಲ್ಲಿಯ ಸಂಬಂಧ?

2006ರ ಜನವರಿ 1ರಿಂದ ಮಿನಾಸ್ ಇಲ್ಲವಾಗಿ ಮೂರು ಮಿತಿಗಳು ಬಂದವು: ಪ್ರಾಣಿ ಗೊಬ್ಬರದ ಸಾರಜನಕಕ್ಕೆ ಒಂದು, ಬೆಳೆ-ಮಣ್ಣು ನೋಡಿ ಒಟ್ಟು ಸಾರಜನಕಕ್ಕೆ ಒಂದು, ಫಾಸ್ಫೇಟಿಗೆ ಒಂದು. ಮರಳು ನೆಲದಲ್ಲಿ ಮೆಕ್ಕೆಜೋಳ ಕೊಯ್ದ ಮೇಲೆ ಹೊಲ ಬರಿದಾಗಿ ಬಿಡುವಂತಿಲ್ಲ. ಉಳಿದ ನೈಟ್ರೇಟ್ ಹೀರಲು ರೈ ಅಥವಾ ಹುಲ್ಲು ಬಿತ್ತಬೇಕು. ಈ ಪುಟ್ಟ ನಿಯಮ ದೊಡ್ಡ ದೊಡ್ಡ ತೆರಿಗೆಗಳಿಗಿಂತ ಹೆಚ್ಚು ಉಪಕಾರಿ ಎಂದು ನನಗನಿಸುತ್ತದೆ, ರಸ್ತೆಯಲ್ಲಿ ಹೋಗುವವನೂ ಪಾಲನೆಯಾಗಿದೆಯೋ ಇಲ್ಲವೋ ಎಂದು ನೋಡಿ ಹೇಳಬಹುದು. ಸ್ಲರಿ ಹಾಕುವ ಕ್ಯಾಲೆಂಡರ್ ಕೂಡ ಬಿಗಿಯಾಯಿತು. ಹುಲ್ಲುಗಾವಲಿಗೆ ಸ್ಲರಿ ಬಿಡಲು ಈಗ ಬಾಗಿಲು ತೆರೆಯುವುದು ಫೆಬ್ರವರಿ 16ಕ್ಕೆ. ಐಂಡ್‌ಹೋವನ್, ವೆಲ್ಡ್‌ಹೋವನ್‌ಗಳಲ್ಲಿ ಚಿಪ್ ಯಂತ್ರ, ಸಾಫ್ಟ್‌ವೇರ್ ಕೆಲಸಕ್ಕೆ ಹೋಗಿ ನೆಲೆಸಿರುವ ಕನ್ನಡಿಗರಿಗೆ ಈ ತಾರೀಖು ಮೂಗಿನಿಂದಲೇ ಗೊತ್ತಾಗುತ್ತದೆ. ಹೊಂಡಗಳೆಲ್ಲ ಆರು ತಿಂಗಳು ತುಂಬಿಕೊಂಡು ಕಾದಿರುತ್ತವೆ.

ಹದಿನಾರು ರಂಧ್ರ

ಈ ಎಲ್ಲ ಕಾನೂನುಗಳಿಂದ ನೀರು ಸುಧಾರಿಸಿತೇ ಎಂದು ಹೇಳಲು ಅಳತೆ ಬೇಕು. ಅದನ್ನು ನೆದರ್‌ಲ್ಯಾಂಡ್ಸ್ ಅಚ್ಚುಕಟ್ಟಾಗಿ ಮಾಡಿದೆ. ಅಲ್ಲಿನ ಸಾರ್ವಜನಿಕ ಆರೋಗ್ಯ ಮತ್ತು ಪರಿಸರ ಸಂಸ್ಥೆ ಆರ್‌ಐವಿಎಂ 1992ರಿಂದ ಆಯ್ದ ಫಾರ್ಮ್‌ಗಳಲ್ಲಿ ನೇರವಾಗಿ ಮಾದರಿ ತೆಗೆಯುತ್ತಿದೆ. ಆಳದ ಬೋರ್‌ವೆಲ್ ನೀರಲ್ಲ. ಬೋರ್‌ವೆಲ್ ನೀರು ದಶಕಗಳ ಹಿಂದಿನ ಮಳೆ, ಈ ವರ್ಷದ ಕಾನೂನಿನ ಬಗ್ಗೆ ಅದು ಏನೂ ಹೇಳದು. ಮರಳು ನೆಲದ ಒಂದು ಫಾರ್ಮಿನಲ್ಲಿ 16 ಕಡೆ ಕೈಬೈರಿಗೆಯಿಂದ ರಂಧ್ರ ಕೊರೆದು, ಅಂತರ್ಜಲದ ಮೇಲ್ಭಾಗದ ಒಂದು ಮೀಟರ್ ಪದರದಿಂದ ನೀರು ಹೀರುತ್ತಾರೆ. ಅದು ಬೇರಿನ ವಲಯ ದಾಟಿ ಈಚೆಗಷ್ಟೇ ಇಳಿದ ನೀರು. ಅದೇ ಫಾರ್ಮಿನ ಗೊಬ್ಬರದ ಲೆಕ್ಕ, ದನಗಳ ಲೆಕ್ಕ, ಹಣಕಾಸಿನ ಲೆಕ್ಕ ಜೊತೆಯಲ್ಲೇ ಸಿಗುತ್ತದೆ. ಹೊಲದ ಮೇಲೆ ಆದದ್ದನ್ನೂ ಹೊಲದಡಿ ಆದದ್ದನ್ನೂ ಎದುರುಬದುರು ಇಟ್ಟು ನೋಡಬಹುದು.

ಮರಳು ಪ್ರದೇಶದಲ್ಲಿ 1990ರ ದಶಕದ ಆರಂಭದಲ್ಲಿ ಈ ನೀರಿನ ಸರಾಸರಿ ನೈಟ್ರೇಟ್ ಮಿತಿಗಿಂತ ಎರಡು ಪಟ್ಟು ಮೀರಿತ್ತು. 2010ರ ದಶಕದ ಹೊತ್ತಿಗೆ 50ರ ಆಸುಪಾಸಿಗೆ ಇಳಿಯಿತು. ದೊಡ್ಡ ಇಳಿಕೆಯೇ. ಆದರೆ ಸರಾಸರಿಯೊಳಗೆ ಅಡಗಿರುವುದು ಬೇರೆ. ಜೇಡಿ ನೆಲದಲ್ಲಿ, ಪೀಟ್ ಎಂಬ ಅರೆಕೊಳೆತ ಸಸ್ಯಗಳ ಜೌಗು ನೆಲದಲ್ಲಿ ಸಮಸ್ಯೆ ಅಷ್ಟಿಲ್ಲ. ಅಲ್ಲಿ ನೀರು ನಿಂತ, ಗಾಳಿಯಾಡದ ಮಣ್ಣಿನ ಬ್ಯಾಕ್ಟೀರಿಯಾ ನೈಟ್ರೇಟನ್ನು ಮತ್ತೆ ಸಾರಜನಕ ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ದಕ್ಷಿಣದ ಮರಳು ನೆಲದಲ್ಲಿ, ಲಿಂಬರ್ಗ್‌ನ ತುದಿಯ ಲೋಸ್ ಎಂಬ, ಗಾಳಿ ತಂದು ಹಾಕಿದ ನಯ ಮಣ್ಣಿನಲ್ಲಿ ಸರಾಸರಿ ಇನ್ನೂ 50ರ ಮೇಲೆ. 2018ರ ಬರಗಾಲದಲ್ಲಿ ಬೆಳೆ ಒಣಗಿ ಹಾಕಿದ ಸಾರಜನಕ ಹೀರಲಾಗಲಿಲ್ಲ. ಅದು ಮಣ್ಣಿನಲ್ಲೇ ಕುಳಿತು ಮುಂದಿನ ಮಳೆಗೆ ಇಳಿಯಿತು, ನೈಟ್ರೇಟ್ ಮತ್ತೆ ಏರಿತು. ವರ್ಷಗಟ್ಟಲೆ ಇಳಿಸಿದ್ದನ್ನು ಒಂದು ಬೇಸಿಗೆ ಕಸಿದುಕೊಂಡಿತು.

ಇನ್ನೂ ಒಂದು ತೊಡಕು ಆಳದಲ್ಲಿದೆ. ದೇಶದ ಕುಡಿಯುವ ನೀರಿನಲ್ಲಿ ಸುಮಾರು 60 ಪ್ರತಿಶತ ಅಂತರ್ಜಲದ್ದು. ಬ್ರಬಾಂಟಿನ ಕೆಲವು ಕಡೆ ಆಳದ ಬಾವಿಯಲ್ಲಿ ನೈಟ್ರೇಟ್ ಕಾಣುವುದೇ ಇಲ್ಲ. ಸಂತೋಷಪಡುವ ಮೊದಲು ಕಾರಣ ತಿಳಿಯಬೇಕು. ಅಲ್ಲಿನ ಮರಳಿನಲ್ಲಿ ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜವಿದೆ. ಇಳಿದುಬಂದ ನೈಟ್ರೇಟ್ ಅದನ್ನು ಸುಡುತ್ತದೆ, ತಾನೂ ಇಲ್ಲವಾಗುತ್ತದೆ. ಬದಲಿಗೆ ಸಲ್ಫೇಟ್ ಏರುತ್ತದೆ, ನೀರಿನ ಗಡಸುತನ ಏರುತ್ತದೆ, ಪೈರೈಟಿನೊಳಗಿದ್ದ ನಿಕ್ಕೆಲ್, ಆರ್ಸೆನಿಕ್ ಬಿಡುಗಡೆಯಾಗುತ್ತವೆ. ನೈಟ್ರೇಟ್ ಪರೀಕ್ಷೆಯಲ್ಲಿ ಪಾಸಾದ ಬಾವಿ ನಿಕ್ಕೆಲ್ ಪರೀಕ್ಷೆಯಲ್ಲಿ ಫೇಲಾಗಬಹುದು. ಪೈರೈಟ್ ಮುಗಿದ ದಿನ ನೈಟ್ರೇಟೇ ನೇರ ಬರುತ್ತದೆ. ಬಾವಿಗಳ ಸುತ್ತ ಹೆಚ್ಚು ಅಪಾಯದಲ್ಲಿರುವ 34 ಸಂರಕ್ಷಿತ ವಲಯಗಳಿಗೆ 2017ರ ಡಿಸೆಂಬರ್‌ನಲ್ಲಿ ಸರ್ಕಾರ, ಪ್ರಾಂತ್ಯಗಳು, ನೀರು ಕಂಪನಿಗಳು ಮತ್ತು ರೈತ ಸಂಘಟನೆ ಪ್ರತ್ಯೇಕ ಒಪ್ಪಂದ ಮಾಡಿಕೊಂಡದ್ದು ಈ ಆತಂಕದಿಂದಲೇ. ಆದರೆ ಅದು ರೈತರ ಸ್ವ ಇಚ್ಛೆಯ ಮೇಲೆ ನಿಂತ ಒಪ್ಪಂದ.

ಇಲ್ಲೊಂದು ಮಾತು ನಮ್ಮ ಕಡೆಯದು. ಕೇಂದ್ರೀಯ ಅಂತರ್ಜಲ ಮಂಡಳಿಯ 2024ರ ವರದಿಯಲ್ಲಿ ಭಾರತದ ಮಿತಿಯಾದ 45 ಮಿಲಿಗ್ರಾಂ ದಾಟಿದ ಮಾದರಿಗಳ ಪಟ್ಟಿಯಲ್ಲಿ ರಾಜಸ್ಥಾನದ ಹಿಂದೆಯೇ ಕರ್ನಾಟಕವಿದೆ, ಪರೀಕ್ಷಿಸಿದ ಮಾದರಿಗಳಲ್ಲಿ ಸುಮಾರು 49 ಪ್ರತಿಶತ. ನಮ್ಮಲ್ಲಿ ಕಾರಣ ಹಂದಿ ಸ್ಲರಿಯಲ್ಲ. ಯೂರಿಯಾ, ಶೌಚದ ಪಿಟ್ ಗುಂಡಿ, ಸೋರುವ ಚರಂಡಿ, ಊರಮುಂದಿನ ತಿಪ್ಪೆ ಎಲ್ಲ ಸೇರಿದ್ದು. ಕೊಟ್ಟಿಗೆ ಗೊಬ್ಬರ ಸಾಲದು ಎಂದು ಲೋಡುಗಟ್ಟಲೆ ಕೊಂಡು ತರುವ ಊರಿನಲ್ಲಿ 170ರ ಮಿತಿಗೆ ಅರ್ಥವಿಲ್ಲ. ಅಲ್ಲಿಂದ ತರಬಹುದಾದದ್ದು 16 ರಂಧ್ರದ ಅಳತೆ: ಎಲ್ಲೋ ಒಂದು ಬೋರ್‌ವೆಲ್‌ನ ಅಂಕಿಯಲ್ಲ, ಇಂಥ ಹೊಲದಡಿ, ಇಂಥ ಕಾಲೋನಿಯಡಿ ಎಷ್ಟು ಎಂಬ ಅಂಕಿ. ಅದಿಲ್ಲದೆ ಯೂರಿಯಾವನ್ನೋ ಗುಂಡಿಯನ್ನೋ ದೂರುವುದು ಊಹೆಯ ಮಾತಾಗುತ್ತದೆ.

ವಿನಾಯಿತಿ ಎಂಬ ಊರುಗೋಲು

170ರ ಮಿತಿ ಒಪ್ಪಿಕೊಂಡ 2006ರಲ್ಲೇ ನೆದರ್‌ಲ್ಯಾಂಡ್ಸ್ ಅದರಿಂದ ವಿನಾಯಿತಿಯನ್ನೂ ಪಡೆದಿತ್ತು. ನಮ್ಮಲ್ಲಿ ಹುಲ್ಲು ಬೆಳೆಯುವ ಕಾಲ ದೀರ್ಘ, ಇಳುವರಿ ಹೆಚ್ಚು, ಹಾಗಾಗಿ ಹುಲ್ಲು ಹೆಚ್ಚು ಸಾರಜನಕ ಹೀರುತ್ತದೆ ಎಂಬುದು ವಾದ. ತಪ್ಪು ವಾದವೂ ಅಲ್ಲ. ಜಮೀನಿನ 70 ಪ್ರತಿಶತ ಹುಲ್ಲುಗಾವಲಿದ್ದ ಹೈನು ರೈತ ಹೆಕ್ಟೇರಿಗೆ 250 ಕಿಲೋ ಹಾಕಬಹುದು. 2014ರಲ್ಲಿ ಶರತ್ತು 80 ಪ್ರತಿಶತಕ್ಕೆ ಏರಿ, ದಕ್ಷಿಣ ಮತ್ತು ಮಧ್ಯದ ಮರಳು ನೆಲಕ್ಕೆ ಮಿತಿ 230ಕ್ಕೆ ಇಳಿಯಿತು. ಇದಕ್ಕೆ ಕಟ್ಟಿದ ಇನ್ನೊಂದು ಶರತ್ತು, ದೇಶದ ಒಟ್ಟು ಸಗಣಿಯಲ್ಲಿನ ಫಾಸ್ಫೇಟ್ 2002ರ ಮಟ್ಟವನ್ನು, ಅಂದರೆ 17.29 ಕೋಟಿ ಕಿಲೋವನ್ನು ಮೀರಬಾರದು.

2015ರ ಏಪ್ರಿಲ್ 1ರಂದು ಹಾಲಿನ ಉತ್ಪಾದನೆಗೆ ಮಿತಿ ಹಾಕಿದ್ದ ಯುರೋಪಿನ ಹಾಲಿನ ಕೋಟಾ ರದ್ದಾಯಿತು. ಅದಕ್ಕಾಗಿ ಮುಂಚಿನಿಂದಲೇ ಕೊಟ್ಟಿಗೆ ಕಟ್ಟಿಸಿ, ಸಾಲ ಮಾಡಿ, ಕರು ಬೆಳೆಸಿ ಕಾದಿದ್ದ ರೈತರು ಹಸುಗಳನ್ನು ಹೆಚ್ಚಿಸಿದರು. ಅದೇ ವರ್ಷ ಫಾಸ್ಫೇಟ್ ಮಿತಿ ಮೀರಿತು. ಸರ್ಕಾರ ಮೊದಲೇ ಬೇಲಿ ಹಾಕಬಹುದಿತ್ತು, ಬ್ಯಾಂಕುಗಳು ಸಾಲ ಕೊಡುವ ಮೊದಲು ಯೋಚಿಸಬಹುದಿತ್ತು. ಯಾರೂ ಮಾಡಲಿಲ್ಲ. 2017ರಲ್ಲಿ ಹಸು ಕಡಿಮೆ ಮಾಡಿ ಎಂಬ ಆದೇಶ, 2018ರ ಜನವರಿ 1ರಿಂದ ಹಸು ಸಾಕಲು ಫಾಸ್ಫೇಟ್ ಹಕ್ಕು. ಹಕ್ಕಿನ ಲೆಕ್ಕದಲ್ಲಿ ಕರು ಹಾಕಿದ ಹಸುವಿಗೂ ಇನ್ನೂ ಹಾಕದ ಪಡ್ಡೆಗೂ ಬೇರೆ ಬೇರೆ ಅಂಕಿ. ಹಸುವಿಗೆ ಹೆಚ್ಚು, ಪಡ್ಡೆಗೆ ಕಡಿಮೆ. ಆಮೇಲೆ ನೋಡಿದರೆ ಕೆಲವು ಫಾರ್ಮ್‌ಗಳ ದಾಖಲೆಯಲ್ಲಿ ಅವಳಿ ಕರುಗಳ ಸಂಖ್ಯೆ ಅಸಹಜವಾಗಿ ಏರಿತ್ತು. ಪಡ್ಡೆ ಹಾಕಿದ ಕರುವನ್ನು ಹಳೆಯ ಹಸುವಿನ ಹೆಸರಿಗೆ ಅವಳಿ ಎಂದು ಬರೆಸಿದರೆ ಪಡ್ಡೆ ಕಾಗದದಲ್ಲಿ ಪಡ್ಡೆಯಾಗಿಯೇ ಉಳಿಯುತ್ತದೆ. 2018ರ ಆರಂಭದಲ್ಲಿ ತನಿಖೆ ನಡೆಯಿತು. ಅನುಮಾನಕ್ಕೆ ಒಳಗಾದವರಲ್ಲಿ ಹಲವರು ನಿರ್ದೋಷಿಗಳೆಂದು ಹೊರಬಂದರು ಎಂಬುದನ್ನೂ ಹೇಳಬೇಕು. ಅದಕ್ಕೆ ಕೆಲವೇ ತಿಂಗಳು ಮೊದಲು, 2017ರ ನವೆಂಬರ್‌ನಲ್ಲಿ, ಎನ್‌ಆರ್‌ಸಿ ಎಂಬ ಡಚ್ ದಿನಪತ್ರಿಕೆ ಬ್ರಬಾಂಟ್ ಮತ್ತು ಲಿಂಬರ್ಗ್‌ನ ಸ್ಲರಿ ಸಾಗಣೆಯ ವಂಚನೆಯನ್ನು ವಿವರವಾಗಿ ಬಯಲು ಮಾಡಿತ್ತು. ಟ್ಯಾಂಕರಿಗೆ ಜಿಪಿಎಸ್ ಇತ್ತು, ತೂಕವಿತ್ತು, ಮಾದರಿ ತೆಗೆಯುವ ಸಾಧನವಿತ್ತು. ಆದರೂ ಕಾಗದದ ಸ್ಲರಿಗೂ ನಿಜದ ಸ್ಲರಿಗೂ ತಾಳೆಯಿರಲಿಲ್ಲ. ಇದು ವಿನಾಯಿತಿಯ ಮಾತುಕತೆಯಲ್ಲಿ ಬ್ರಸೆಲ್ಸ್‌ನ ಕೈಗೆ ಸಿಕ್ಕ ಆಯುಧವಾಯಿತು.

ಸುದ್ದಿಯಲ್ಲಿ ಬಂದ ಡಚ್ ಟ್ರ್ಯಾಕ್ಟರ್ ಪ್ರತಿಭಟನೆಗಳನ್ನು ಇದರ ಜೊತೆ ಕಲಸಿಕೊಳ್ಳಬಾರದು. 2019ರಲ್ಲಿ ಸಿಡಿದ ಆ ಜಗಳ ಗಾಳಿಯ ಅಮೋನಿಯಾ ಮತ್ತು ಸಂರಕ್ಷಿತ ಕಾಡುಗಳದ್ದು. ಕಾನೂನೂ ಬೇರೆ, ನ್ಯಾಯಾಲಯವೂ ಬೇರೆ. ರೈತನಿಗೆ ಮಾತ್ರ ಎರಡೂ ಒಂದೇ ಅಂಚೆಯಲ್ಲಿ ಬಂದ ನೋಟಿಸು.

2022ರ ಸೆಪ್ಟೆಂಬರ್ 30ರಂದು ಆಯೋಗ ಕೊನೆಯ ವಿನಾಯಿತಿ ಕೊಟ್ಟಿತು: ವರ್ಷ ವರ್ಷ ಇಳಿಯುತ್ತ ಬಂದು 2026ಕ್ಕೆ ಎಲ್ಲರಿಗೂ 170. ನಮ್ಮ 40 ಹೆಕ್ಟೇರಿನ ಕಾಲ್ಪನಿಕ ರೈತನ ಲೆಕ್ಕಕ್ಕೆ ಮತ್ತೆ ಬರೋಣ. 250ರಿಂದ 170ಕ್ಕೆ ಇಳಿದರೆ ಹೆಕ್ಟೇರಿಗೆ 80 ಕಿಲೋ, ಒಟ್ಟು 3,200 ಕಿಲೋ ಸಾರಜನಕದ ಸ್ಲರಿ ಗೇಟು ದಾಟಬೇಕು. ಹಸುವಿನ ಸ್ಲರಿಯಲ್ಲಿ ಘನ ಮೀಟರಿಗೆ 4 ಕಿಲೋ ಸಾರಜನಕ ಎಂದುಕೊಂಡರೆ 800 ಘನ ಮೀಟರ್. ದೊಡ್ಡ ಟ್ಯಾಂಕರಿಗೆ 35ರಂತೆ 23 ಲೋಡು, ಅದೂ ವರ್ಷ ವರ್ಷ. ಒಟ್ಟು ಸಾರಜನಕದ ಮಿತಿ ಬೇರೆಯೇ ಇರುವುದರಿಂದ ಖಾಲಿಯಾದ ಜಾಗಕ್ಕೆ ಅವನು ಚೀಲದ ಗೊಬ್ಬರ ಕೊಂಡು ತುಂಬಬಹುದು. ತನ್ನ ಸಗಣಿಯನ್ನು ದುಡ್ಡು ಕೊಟ್ಟು ಕಳಿಸಿ, ನೈಸರ್ಗಿಕ ಅನಿಲದಿಂದ ಮಾಡಿದ ಗೊಬ್ಬರವನ್ನು ದುಡ್ಡು ಕೊಟ್ಟು ತರಿಸು ಎನ್ನುವ ಕಾನೂನು ಯಾವ ಕಾನೂನು ಎಂದು ರೈತರು ಕೇಳುತ್ತಾರೆ. ನೀರಿನ ದೃಷ್ಟಿಯಿಂದ ಉತ್ತರವಿದೆ: ಸ್ಲರಿಯ ಗಟ್ಟಿ ಭಾಗದಲ್ಲಿನ ಸಾರಜನಕ ಬೆಳೆ ಬೇಡದ ಶರತ್ಕಾಲದಲ್ಲೂ ಬಿಡುಗಡೆಯಾಗುತ್ತದೆ, ಚೀಲದ್ದು ಹಾಕಿದಾಗಲೇ ಸಿಗುತ್ತದೆ. ಆದರೆ ಅವರ ಎರಡನೇ ಪ್ರಶ್ನೆಗೆ ಉತ್ತರ ಅಷ್ಟು ಸುಲಭವಲ್ಲ. ವಿನಾಯಿತಿಯೇ ಹೋದ ಮೇಲೆ 80 ಪ್ರತಿಶತ ಹುಲ್ಲು ಇಟ್ಟುಕೊಳ್ಳುವ ಕಟ್ಟುಪಾಡೂ ಹೋಯಿತು. ಹುಲ್ಲುಗಾವಲು ಉತ್ತು ಆಲೂಗಡ್ಡೆಗೋ ಮೆಕ್ಕೆಜೋಳಕ್ಕೋ ಗುತ್ತಿಗೆ ಕೊಟ್ಟರೆ ದುಡ್ಡು ಹೆಚ್ಚು. ಮರಳು ನೆಲದಲ್ಲಿ ಹುಲ್ಲಿನಡಿಗಿಂತ ಆ ಬೆಳೆಗಳಡಿ ನೈಟ್ರೇಟ್ ಸೋರಿಕೆ ಜಾಸ್ತಿ. ನೀರು ಉಳಿಸಲು ತಂದ ನಿಯಮ ಎಷ್ಟು ಹುಲ್ಲುಗಾವಲನ್ನು ನೇಗಿಲಿಗೆ ಕೊಡುತ್ತದೆ ಎಂಬುದು ಈಗ ಆ 16 ರಂಧ್ರಗಳಲ್ಲಿ ಅಳೆಯಬೇಕಾದ ವಿಷಯ.

ಇನ್ನು ಆ 23 ಲೋಡು. 2023ರಿಂದ ಪ್ರತಿ ಸಾಗಣೆಯೂ ತುಂಬುವಾಗ, ಇಳಿಸುವಾಗ ಆ ಕ್ಷಣದಲ್ಲೇ ಸರ್ಕಾರದ ಕಂಪ್ಯೂಟರಿಗೆ ದಾಖಲಾಗಬೇಕು. ಸ್ಲರಿ ಬೇಕೆನ್ನುವ ಗೋಧಿ, ಸಕ್ಕರೆ ಬೀಟ್ ರೈತರು ಉತ್ತರದಲ್ಲಿ, ನೈಋತ್ಯದಲ್ಲಿ, ಗಡಿಯಾಚೆ ಜರ್ಮನಿಯಲ್ಲಿ ಇದ್ದಾರೆ. ಅವರಿಗೂ 170ರ ಮಿತಿ ಇದೆ, ಜರ್ಮನಿ ಕೂಡ 2018ರಲ್ಲಿ ಇದೇ ನೈಟ್ರೇಟ್ ನಿರ್ದೇಶನದಡಿ ಇದೇ ನ್ಯಾಯಾಲಯದಲ್ಲಿ ಸೋತು ತನ್ನ ನಿಯಮ ಬಿಗಿ ಮಾಡಿಕೊಂಡಿದೆ. ಹಾಗಾಗಿ ಸ್ಲರಿ ತೆಗೆದುಕೊಳ್ಳುವವನು ಈಗ ದುಡ್ಡು ಕೊಡುವುದಿಲ್ಲ, ಕೇಳುತ್ತಾನೆ. ವಿನಾಯಿತಿ ಇಳಿಯುತ್ತ ಹೋದ ಹಾಗೆ ಅವನು ಕೇಳುವ ದರ ಏರುತ್ತ ಹೋಗಿದೆ.